ಮಗಳ ಸೀಟು, ಆಯಿಯ ಲಿಂಗದ ಬಿರುಕು

ನನಗೆ ಸಂಶಯ ಜಾಸ್ತಿ. ಹಾಲಿನವ ಬಂದು ಇವತ್ತು ಹಾಲು ಗಟ್ಟಿ ಅದ ನೋಡ್ರಿ ಅಂದರೆ, ಹಂಗಾದರೆ ನಿನ್ನೆ ನೀರು ಹಾಕಿದ್ದ ಅಂತ ನನ್ನ ಲೆಕ್ಕ. ಕಾಯಿಪಲ್ಲೆ ತರಲು ಹೋದರೆ ಮೇಲಿನ ಬದನೆಕಾಯಿ ಮುಟ್ಟುವುದಿಲ್ಲ, ಬುಟ್ಟಿಯ ತಳಕ್ಕೆ ಕೈ ಹಾಕುತ್ತೇನೆ. ನಮ್ಮನಿಯವರು ಇದಕ್ಕೆ ಚಾಷ್ಟಿ ಮಾಡಿ ನಗುತ್ತಾರೆ. ಮಾಡಲಿ. ಅವರು ಒಬ್ಬರೇ ಬಜಾರಕ್ಕೆ ಹೋದ ದಿನ ಹುಳುಕು ಬದನೆಕಾಯಿ ಬರುತ್ತದೆ ಅನ್ನುವುದೂ ಖರೆ.

ಶಿವನ ವಿಷಯದಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆ ಹಿಂದಿನ ದಿನ ಅವನು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ನೆನೆಯುವುದು ನನ್ನ ರೂಢಿ. ನಳದ ನೀರು ಹೇಳಿದ ಹೊತ್ತಿಗೆ ಬಂತು. ರೊಟ್ಟಿ ಹರಿಯಲಿಲ್ಲ. ಕೂಲರ್ ಕೆಡಲಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಕೂಲರ್ ಕೆಡದಿರುವುದು ಸಣ್ಣ ಉಪಕಾರವೇನಲ್ಲ.

ಮಗಳು ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಳು. ರ‍್ಯಾಂಕ್ ಬಂತು, ಊರಿಗೆಲ್ಲ ಹೇಳಿಕೊಳ್ಳುವಂಥದ್ದಲ್ಲ, ತಲೆ ತಗ್ಗಿಸುವಂಥದ್ದೂ ಅಲ್ಲ. ಇನ್ನು ಯಾವ ಕಾಲೇಜು, ಯಾವ ಬ್ರಾಂಚ್ ಬೇಕು ಅನ್ನುವುದನ್ನು ಒಂದರ ಕೆಳಗೊಂದು ಕಂಪ್ಯೂಟರಿನಲ್ಲಿ ಹಾಕಿ, ಕೊನೆಯ ದಿನದೊಳಗೆ ಲಾಕ್ ಮಾಡಬೇಕಿತ್ತು. ಲಾಕ್ ಆದ ಮೇಲೆ ಬದಲಿಸುವಂತಿಲ್ಲ. ಮೊದಲು ಹಾಕಿದ್ದು ಸಿಕ್ಕರೆ ಅದೇ ನಾಲ್ಕು ವರ್ಷದ ಹಣೆಬರಹ. ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಬಾಗಿಲಿಗೆ ಆತು ನಿಂತು, ಮೊದಲನೆಯದು ಮೆಟೀರಿಯಲ್ಸ್ ಎಂಜಿನಿಯರಿಂಗ್ ಹಾಕುತ್ತೇನೆ, ಅದರೊಳಗೆ ಮುಂದೆ ನ್ಯಾನೋ ಟೆಕ್ನಾಲಜಿ ಓದಬಹುದು ಅಂದಳು.

ಆ ಹೆಸರು ನಾನು ಕೇಳಿರಲಿಲ್ಲ. ಕೇಳದ ಹೆಸರಿಗೆ ನನ್ನ ಕೈ ತಾನಾಗಿ ತಳಕ್ಕೆ ಹೋಗುತ್ತದೆ. ಮೆಟೀರಿಯಲ್ ಅಂದರೆ ಸಾಮಾನು ಅಲ್ಲೇನು ಅಂತ ಕೇಳಿದೆ. ಅವಳು ನಕ್ಕಳು.

"ಅವ್ವ, ಈ ಹಂಚು ಕಬ್ಬಿಣದ್ದು. ಆ ಡಬರಿ ಸ್ಟೀಲಿಂದು, ಅದೂ ಕಬ್ಬಿಣದಿಂದನ ಹುಟ್ಟಿದ್ದು. ಇದಕ್ಕ ಜಂಗ ಹಿಡೀತದ, ಅದಕ್ಕ ಹಿಡಿಯೂದಿಲ್ಲ. ಯಾಕ ಅಂತ ಯಾವತ್ತರ ಕೇಳೀಯೇನು?"

"ಇಲ್ಲ. ಜಂಗ ಹಿಡೀದಂಗ ಎಣ್ಣಿ ಸವರಿ ಇಡ್ತೀನಿ."

"ಅಷ್ಟ ನೋಡು. ನಂಗ ಯಾಕ ಅಂತ ಓದೂದದ."

ಯಾವುದು ಯಾತರಿಂದ ಆಗಿದೆ, ಯಾಕೆ ಬಾಗುತ್ತದೆ, ಯಾಕೆ ಮುರಿಯುತ್ತದೆ, ಹೇಗೆ ಮಾಡಿದರೆ ಬಹಳ ದಿನ ಬಾಳುತ್ತದೆ, ಇದೇ ಆ ಓದು ಅಂತೆ. ನ್ಯಾನೋ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣದು. ಕಾಣದ್ದನ್ನು ಓದಿದವಳಿಗೆ ಕಾಣುವಂಥ ನೌಕರಿ ಯಾರು ಕೊಡುತ್ತಾರೆ ಅಂತ ನಾನು ಬಾಯಿ ಬಿಟ್ಟು ಕೇಳಲಿಲ್ಲ. ಮುಖ ನೋಡಿ ಅವಳಿಗೆ ಗೊತ್ತಾಯಿತು.

ಸಂಜೆ ನಮ್ಮ ಭಾವನೋರು, ಅಂದರೆ ನಮ್ಮನಿಯವರ ಅಣ್ಣ, ಬಂದರು. ವಿಷಯ ಕೇಳಿ ಚಹಾದ ಬಟ್ಟಲು ಕೆಳಗಿಟ್ಟು ತಮ್ಮನ ಕಡೆ ತಿರುಗಿದರು. "ಎಂಜಿನಿಯರಿಂಗಿಗೆ ಯಾಕ ಕಳಸ್ತಿಯೋ ತಮ್ಮಾ. ಕಿರಾಣಾ ಬಜಾರದಾಗ ಒಂದು ಅಂಗಡಿ ಹಾಕಿಕೊಡು. ಕುಂತಲ್ಲೇ ಸಾಮಾನಿನ ಎಂಜಿನಿಯರ್ ಆಗ್ತಾಳ." ಎಲ್ಲರೂ ನಕ್ಕರು, ಮಗಳೂ ನಕ್ಕಳು. ಆಮೇಲೆ ಅವರು ನಗು ನಿಲ್ಲಿಸಿ, ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಹಾಕಿದರೆ ಹುಡುಗಿ ಮನೆಯಲ್ಲಿ ಕೂಡುವುದು ಗ್ಯಾರಂಟಿ ಅಂದರು. ಬಾಜು ಮನೆಯ ಲೆಕ್ಚರರ್ ಮೇಡಂ ಅವರೂ ಹಾಗೇ ಅಂದರು. ಅವರು ಕಲಿಸುವುದು ಇತಿಹಾಸ, ಆದರೂ ಗ್ಯಾರಂಟಿ ಕೊಟ್ಟರು.

ನಮ್ಮನಿಯವರು ಮಾತ್ರ ಸುಮ್ಮನಿದ್ದರು. ಅದೇ ನನಗೆ ಸಂಶಯ ತಂದಿತು. ಅವರು ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಸೂಪರ್‌ವೈಜರ್. ರಜೆಯಲ್ಲಿ ಒಮ್ಮೆ ಮಗಳನ್ನು ಮಿಲ್ಲಿಗೆ ಕರೆದುಕೊಂಡು ಹೋಗಿದ್ದರು. ತೊಗರಿಯ ಸಿಪ್ಪೆ ತೆಗೆಯುವ ರೋಲಿಗೆ ಮರಳಿನಂಥ ಒರಟು ಲೇಪ ಇರುತ್ತದೆ, ಸವೆದ ಮೇಲೆ ಅದನ್ನು ತೆಗೆದು ಹೊಸದು ಹಚ್ಚುತ್ತಾರೆ. ಅವತ್ತು ಹಚ್ಚುವ ಕೆಲಸ ನಡೆದಿತ್ತಂತೆ. ಇವಳು ಊಟಕ್ಕೂ ಏಳದೆ ನೋಡುತ್ತ ನಿಂತಿದ್ದಳಂತೆ. ಅವಳ ತಲೆಯೊಳಗೆ ಹುಳ ಬಿಟ್ಟವರು ನೀವೇ ಅಂತ ನಾನು ಹಿಡಿದು ಕೇಳಿದೆ. ಅವರು ಕೈ ಝಾಡಿಸಿಬಿಟ್ಟರು. ನಿಮ್ಮವ್ವ ಹ್ಞೂಂ ಅಂದರೆ ನಂದೂ ಹ್ಞೂಂ ಅಂತ ಮಗಳಿಗೆ ಹೇಳಿ, ಭಾರ ಪೂರಾ ನನ್ನ ತಲೆ ಮೇಲೆ ಇಟ್ಟು ಮಿಲ್ಲಿಗೆ ಹೋದರು.

ಹೀಗಾಗಿ ಅದು ನನ್ನ ಮೇಲೆ ನಿಂತಿತು. ನಾನು ಹ್ಞೂಂ ಅಂದರೆ ಅವಳು ಬಯಸಿದ ಓದು, ಅನ್ನದಿದ್ದರೆ ಎಲ್ಲರೂ ಓದುವ ಓದು. ಅವಳು ಹಟ ಮಾಡುವ ಹುಡುಗಿಯಲ್ಲ. ಬೇಡ ಅಂದರೆ ಬಿಡುತ್ತಾಳೆ. ಬಿಟ್ಟ ಮೇಲೆ ಅದರ ಸುದ್ದಿಯನ್ನೂ ತೆಗೆಯುವುದಿಲ್ಲ. ಅಂಥವರಿಗೆ ಬೇಡ ಅನ್ನುವುದು ಬಹಳ ಕಠಿಣ.

ಎಲ್ಲಿಂದ ನಮ್ಮ ನಂಬರ್ ಸಿಕ್ಕಿತೋ, ಒಂದು ಕಾಲೇಜಿನವ ಫೋನ್ ಮಾಡಲು ಶುರು ಮಾಡಿದ. ಬೆಲ್ಲದಂಥ ದನಿ. ನ್ಯಾನೋ ನಮ್ಮಲ್ಲಿ ಅದ ಅಮ್ಮಾ, ನೌಕರಿ ನೂರಕ್ಕ ನೂರು ಗ್ಯಾರಂಟಿ ಅಮ್ಮಾ, ಇವತ್ತ ಬಂದ್ರ ಸೀಟು ಹಿಡಿದಿಡ್ತೀನಿ ಅಮ್ಮಾ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೂ ನನ್ನನ್ನು ಇಷ್ಟು ಸಲ ಅವ್ವ ಅನ್ನುವುದಿಲ್ಲ. ಆದರೂ ನೋಡೋಣ ಅಂತ ಊರ ಹೊರಗಿನ ಆ ಕಾಲೇಜಿಗೆ ಮಗಳನ್ನು ಕರೆದುಕೊಂಡು ಹೋದೆ. ಲ್ಯಾಬು ಕೀಲಿ ಹಾಕಿತ್ತು. ಕೀಲಿ ಇಟ್ಟುಕೊಂಡ ಸರ್ ರಜೆ. ಕಾಜಿನ ಕಿಟಕಿಯಲ್ಲಿ ಇಣುಕಿದರೆ ಒಳಗೆ ಒಂದು ಮಷೀನು, ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಹೊರಗೆ ಬೋರ್ಡು ಮಾತ್ರ ದೊಡ್ಡದು. ಹುಡುಗಿ ಬೋರ್ಡಿಗೆ ಮರುಳಾಗುತ್ತಾಳೋ ಏನೋ ಅಂತ ಓರೆಗಣ್ಣಿನಿಂದ ನೋಡಿದೆ. ಅವಳೇ ಮೊದಲು, ಇಲ್ಲಿ ಬ್ಯಾಡ ಅವ್ವ, ಓದೂದಾದ್ರ ಖರೇ ಕಲಿಸೋ ಕಡೆ ಓದೂದು ಅಂದಳು. ಆ ದಿನದ ಉಪಕಾರದಲ್ಲಿ ಅದನ್ನೂ ಸೇರಿಸಿದೆ. ಆದರೆ ಸಂಶಯ ಹಗುರವಾಗಲಿಲ್ಲ. ಒಂದು ಕಡೆ ಬೋರ್ಡಿನ ಹಿಂದೆ ಏನೂ ಇಲ್ಲದಿದ್ದರೆ, ಆ ವಿದ್ಯೆಯ ಹಿಂದೆ ಏನಾದರೂ ಇದೆ ಅಂತ ಯಾವ ನಂಬಿಕೆ?

ಅಷ್ಟರಲ್ಲಿ ಕಮಲಾಪುರದಿಂದ ಫೋನ್ ಬಂತು. ಅದು ನನ್ನ ತವರುಮನೆ. ನಮ್ಮ ವೈನಿ, ಅಣ್ಣನ ಹೆಂಡತಿ, ಸಣ್ಣ ದನಿಯಲ್ಲಿ ಮಾತಾಡಿದಳು. ನಮ್ಮ ಅವ್ವನ ಲಿಂಗದ ಕಂತಿ ಬಿರಿದಿದೆ, ಒಂದು ಚೂರು ಬಿದ್ದೂ ಬಿಟ್ಟಿದೆ, ಅತ್ತಿ ಊಟ ಬಿಟ್ಟು ಕುಂತಾರ ಅಂದಳು.

ನಾವು ಮೈಮೇಲೆ ಧರಿಸುವ ಇಷ್ಟಲಿಂಗ ಒಳಗೆ ಕಲ್ಲು, ಮೇಲೆ ಕಪ್ಪಗೆ ಮಿರುಗುವ ದಪ್ಪ ಲೇಪ. ಆ ಲೇಪವೇ ಕಂತಿ. ನಮ್ಮ ಅವ್ವನನ್ನು ಮೊಮ್ಮಕ್ಕಳೆಲ್ಲ ಆಯಿ ಅನ್ನುತ್ತಾರೆ, ನಾನೂ ಈಗ ಹಾಗೇ ಅನ್ನುವುದು ರೂಢಿಯಾಗಿದೆ. ಆಯಿ ಲಿಂಗಪೂಜೆ ಆಗದೆ ಅನ್ನ ಮುಟ್ಟುವವಳಲ್ಲ. ಈಗ ಬಿರಿದ ಲಿಂಗಕ್ಕೆ ಪೂಜೆ ಮಾಡಬಹುದೋ ಬಾರದೋ ಗೊತ್ತಿಲ್ಲ. ಪೂಜೆ ಇಲ್ಲದೆ ಊಟವಿಲ್ಲ. ಬರೀ ಮಜ್ಜಿಗೆ ಕುಡಿದು ಕುಂತಿದ್ದಳು. ಮಹಾಗಾಂವದಲ್ಲಿ ಕಂತಿ ಹಚ್ಚಿಕೊಡುವ ಅಯ್ಯನವರು ಒಬ್ಬರಿದ್ದಾರೆ, ಅವರು ಬೀಗರ ಮನೆಯ ಮದುವೆಗೆ ಪರಊರಿಗೆ ಹೋಗಿದ್ದರು. ಫೋನಾದರೂ ಮಾಡೋಣ ಅಂದರೆ ಆಯಿ ಬಿಲ್‌ಕುಲ್ ಬೇಡ ಅನ್ನುತ್ತಾಳಂತೆ.

ಯಾವಾಗ ಬಿರಿಯಿತು ಅಂತ ಕೇಳಿದೆ. ವೈನಿ ಯಾವ ವಾರ ಅಂತ ಹೇಳಿದಳು. ಮಗಳು ಬಾಗಿಲಿಗೆ ಆತು ನಿಂತು ಆ ಓದಿನ ಹೆಸರು ಹೇಳಿದ್ದು ಅದೇ ದಿನ.

ನನ್ನಂಥವರಿಗೆ ಅಷ್ಟು ಸಾಕು. ಯಾವುದು ಯಾತರಿಂದ ಆಗಿದೆ ಅಂತ ಒಡೆದು ನೋಡುವ ವಿದ್ಯೆ ಈ ಮನೆಗೆ ಬೇಡ ಅಂತ ಶಿವ ಹೇಳಿದ್ದಾನೆ, ಅದೂ ನನ್ನ ಹೆತ್ತವಳ ಲಿಂಗದ ಮೂಲಕ ಹೇಳಿದ್ದಾನೆ ಅಂತ ನಾನು ಗಂಟು ಹಾಕಿಕೊಂಡೆ. ಮರುದಿನ ಮಗಳನ್ನು ಕರೆದುಕೊಂಡು ಕಮಲಾಪುರದ ಬಸ್ ಹತ್ತಿದೆ. ಬ್ರಾಂಚ್ ಹಾಕುವುದಕ್ಕೆ ಅದೇ ಕೊನೆಯ ದಿನ. ಬಸ್ಸಿನಲ್ಲಿ ಅವಳಿಗೆ ಏನೂ ಹೇಳಲಿಲ್ಲ. ಮಿರಗದ ಮಳೆ ನಕ್ಷತ್ರ ಕೂಡಿದ್ದರೂ ಮಳೆ ಇರಲಿಲ್ಲ, ಕಿಟಕಿಯಿಂದ ಬರುವ ಗಾಳಿ ಒಲೆಯ ಬಾಯಿಂದ ಬಂದಂತೆ ಇತ್ತು.

ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕುಂತಿದ್ದಳು. ಮುಖ ಸಣ್ಣದಾಗಿತ್ತು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದಳು, ನನಗೂ ತೋರಿಸಲಿಲ್ಲ. ಅಣ್ಣ ತೋಟದ ಕೆಂಪು ಬಾಳೆಹಣ್ಣು ಮುಂದಿಟ್ಟಿದ್ದ, ಹಣ್ಣಿಗೆ ಏನು ದೋಷ ತಿನ್ನಬಾರದೇ ಅಂತ ಬೇಡಿಕೊಂಡಿದ್ದನಂತೆ. ಅವು ಹಾಗೇ ಕಪ್ಪಾಗುತ್ತಿದ್ದವು. ನನ್ನಿಂದ ಏನೋ ತಪ್ಪಾಗೇದ, ಶಿವ ನನ್ನ ಕೈ ಬಿಟ್ಟಾನ, ಇಷ್ಟೇ ಅವಳ ಮಾತು. ವೈನಿ ನನ್ನನ್ನು ಅಡಿಗೆಮನೆಗೆ ಕರೆದು, ಮುದುಕಿಗೆ ಹೋಗುವ ಕಾಲ ಬಂತೋ ಏನೋ ಅಂತ ಓಣಿಯವರು ಆಡಿಕೊಳ್ಳುತ್ತಿದ್ದಾರೆ ಅಂದಳು.

ನಾನು ಹೊರಗೆ ಬಂದು, ಮಗಳ ಎದುರಿಗೇ ಹೇಳಿಬಿಟ್ಟೆ. ತಪ್ಪು ನಿಂದಲ್ಲ, ಇದು ನಮ್ಮ ಮನೆಗೆ ಬಂದ ಸೂಚನೆ ಅಂದೆ. ಹುಡುಗಿ ಇಂಥ ಓದು ಆರಿಸಿದಳು, ಅದೇ ದಿನ ಕಂತಿ ಬಿರಿಯಿತು ಅಂದೆ. ಮಗಳಿಗೆ, ಕಂಪ್ಯೂಟರ್ ಮೊದಲು ಹಾಕು, ಇನ್ನು ಮಾತು ಬೇಡ ಅಂದೆ. ಅವಳು ನನ್ನನ್ನು ನೋಡಿದಳು, ಆಯಿಯನ್ನು ನೋಡಿದಳು, ಆಯ್ತು ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಆ ಸುಮ್ಮನಿರುವಿಕೆಯನ್ನೂ ನಾನು ನಂಬಲಿಲ್ಲ.

ಮಧ್ಯಾಹ್ನ ಬಸ್ಸಿನ ದಣಿವಿಗೆ ಕಣ್ಣು ಹತ್ತಿತು. ಎಚ್ಚರಾದಾಗ ಪೂಜೆಕೋಣೆಯಲ್ಲಿ ಪಿಸುಮಾತು. ಎದ್ದು ಹೋಗಿ ಬಾಗಿಲ ಸಂದಿಯಿಂದ ನೋಡಿದೆ. ಆಯಿಯ ಎಡಗೈ ಮೇಲೆ ಲಿಂಗ. ಕೆಳಗೆ ಬಿಲ್ವದ ಎಲೆಯ ಮೇಲೆ ಬಿದ್ದ ಕಂತಿಯ ಚೂರು. ಮಗಳು ಮುಖ ನೆಲಕ್ಕೆ ತಾಗುವಷ್ಟು ಬಗ್ಗಿ ಆ ಚೂರನ್ನು ನೋಡುತ್ತಿದ್ದಳು.

ನನಗೆ ಬೇಕಾದ ಸಾಕ್ಷಿ ಸಿಕ್ಕಿತು ಅನ್ನಿಸಿತು. ಒಳಗೆ ನುಗ್ಗಿ, ಮುದುಕಿಗೆ ಏನು ತಲೆ ತುಂಬಿಸಿ ಲಿಂಗ ಹೊರಗೆ ತೆಗಿಸಿದಿ ಅಂತ ಕೇಳಿದೆ. ಆಯಿ ಕೈಯೆತ್ತಿ ನನ್ನನ್ನು ತಡೆದಳು.

"ನಾನ ತೋರಿಸೀನಿ. ಅಕಿ ಮುಟ್ಟಿಲ್ಲ. ನೀ ಬಂದಾಗಿಂದ ಸೂಚನಿ ಸೂಚನಿ ಅಂತೀದಿ. ಏನಾಗೇದ ಅಂತ ಕೇಳಿದಾಕಿ ಇಕಿ ಒಬ್ಬಾಕಿನ."

ನಾನು ಹೊಸ್ತಿಲಲ್ಲೇ ಕುಂತೆ. ಮಗಳು ನನ್ನ ಕಡೆ ತಿರುಗದೆ ಕೇಳುತ್ತ ಹೋದಳು. ಲಿಂಗ ಕೆಳಗೆ ಬಿದ್ದಿತ್ತೇನು? ಇಲ್ಲ. ಪೂಜೆಗೆ ಹೊಸದಾಗಿ ಏನಾದರೂ ಹಚ್ಚಿದಿಯೇನು? ಇಲ್ಲ, ಅದೇ ವಿಭೂತಿ. ನೀರು ಯಾವುದು ಹಾಕುತ್ತಿ? ಅದಕ್ಕೆ ಆಯಿ ಉತ್ತರ ಕೊಡಲಿಲ್ಲ. ಬಾಗಿಲ ಕಡೆ ನೋಡಿದಳು, ವೈನಿ ಬರುತ್ತಿದ್ದಾಳೋ ಅಂತ. ವೈನಿ ನನ್ನ ಗದ್ದಲ ಕೇಳಿ ಆಗಲೇ ಬಂದು ನನ್ನ ಹಿಂದೆ ನಿಂತಿದ್ದಳು.

ಆಯಿಯ ಕಣ್ಣು ತುಂಬಿದವು. "ಸಂಜೀ ಪೂಜಿಗೆ ನಳದ ನೀರು ಕುದೀತಿರ್ತಾವ. ಮ್ಯಾಲಿನ ಟಾಕಿ ದಿನಾ ಬಿಸಿಲಿಗೆ ಕಾಯ್ತದ. ಆ ನೀರು ಹಾಕಿದ್ರ ಶಿವಗ ಸುಡೂದಿಲ್ಲೇನು? ಅದಕ್ಕ ಬಿಸಿನೀರಿನ ಹಿಂದನ ಒಂದು ಗಿಂಡಿ ಫ್ರಿಜ್ಜಿನ ತಣ್ಣೀರು ಹಾಕ್ತಿದ್ದೆ. ತಂಗಳು ಇಡೋ ಪೆಟಿಗಿ ನೀರು ಶಿವಗ ಹಾಕೀನಿ. ಅವ ಸುಮ್ಮನ ಇರ್ತಾನೇನು?"

ಅಯ್ಯನವರಿಗೆ ಫೋನ್ ಬೇಡ ಅಂದದ್ದು ಯಾಕೆ ಅಂತ ಆಗ ತಿಳಿಯಿತು. ಹೇಗೆ ಬಿರಿಯಿತು ಅಂತ ಅವರು ಕೇಳಿದರೆ ಫ್ರಿಜ್ಜಿನ ಸುದ್ದಿ ಹೇಳಬೇಕಾಗುತ್ತಿತ್ತು.

ವೈನಿಗೆ ಎರಡೂ ಕಡೆ ಸಿಟ್ಟು ಬಂತು. "ನಾ ಬಾಟ್ಲಿ ತುಂಬಿ ಇಡೂದು, ಸಂಜೀಗೆ ನೋಡಿದ್ರ ಖಾಲಿ. ಬ್ಯಾಸಿಗಿ ಪೂರಾ ನಿಮ್ಮ ಮಗನ ಸಂಗಟ ಜಗಳ ಮಾಡೀನ್ರಿ ಅತ್ತಿ. ಇಲ್ಲಿ ನೋಡಿದ್ರ ಶಿವ ಕುಡದಾನ. ಮತ್ತ ನನ್ನ ಫ್ರಿಜ್ಜಿನಾಗ ಅಂಥಾದ್ದು ಏನು ಹೊಲಸು ಅದ? ಎರಡು ಉಳ್ಳಾಗಡ್ಡಿ, ಇಷ್ಟು ಇಡ್ಲಿ ಹಿಟ್ಟು."

ಆಯಿ ಅಳುತ್ತಲೇ ನಕ್ಕಳು. ನನಗೂ ನಗು ಬಂತು, ತಡೆದುಕೊಂಡೆ. ನಗುವ ಹೊತ್ತಲ್ಲ ಅನ್ನಿಸಿತು.

ಮಗಳು ನಗಲಿಲ್ಲ. ಒಳಗಿನ ಕಲ್ಲು ಬಿಸಿಗೆ ಒಂದು ನಮೂನೆ ಹಿಗ್ಗುತ್ತದೆ, ಮೇಲಿನ ಕಂತಿ ಇನ್ನೊಂದು ನಮೂನೆ ಅಂತ ಆಯಿಗೆ ಹೇಳಿದಳು. ಬಿಸಿನೀರು ಬಿದ್ದ ಕೂಡಲೇ ತಣ್ಣೀರು ಬಿದ್ದರೆ ಮೇಲಿನದು ಸರಕ್ಕನೆ ಕುಗ್ಗುತ್ತದೆ, ಒಳಗಿನದು ಅಷ್ಟು ಲಗೂನೆ ಕುಗ್ಗುವುದಿಲ್ಲ. ಬಿಸಿ ಚಹಾ ಹಾಕಿದ ಕಾಜಿನ ಗ್ಲಾಸಿಗೆ ತಣ್ಣೀರು ಸುರಿದರೆ ಸಿಡಿಯುವುದಿಲ್ಲವೇ, ಹಾಗೆ. ಆಮೇಲೆ ನನ್ನ ಕಡೆ ನೋಡಿ, "ಒಂದ ದಿನಕ್ಕ ಬಿರಿದಿರಲಿಕ್ಕಿಲ್ಲ. ಬ್ಯಾಸಿಗಿ ಪೂರಾ ಒಳಗೊಳಗ ಬಿರೀತ ಬಂದಿರಬೇಕು. ಚೂರು ಬಿದ್ದ ದಿನ ನಮಗ ಕಂಡದ, ಅಷ್ಟ," ಅಂದಳು.

ಆಯಿ ಮುಂದೆ ಬಗ್ಗಿದಳು. "ಅಂದ್ರ ಶಿವ ಸಿಟ್ಟಾಗಿಲ್ಲ ಅಂತೀಯೇನು?"

"ಅದು ನಂಗ ಗೊತ್ತಿಲ್ಲ ಆಯಿ. ಈ ನೀರಿಂದೂ ಇರಬಹುದು ಅಂತ ಹೇಳೀನಿ, ಖಾತ್ರಿ ಇಲ್ಲ. ಕಂತಿಯೊಳಗ ಏನೇನು ಹಾಕ್ತಾರ ಅಂತನ ನಂಗ ಗೊತ್ತಿಲ್ಲ. ಹಳೀದಾಗಿಯೂ ಬಿರಿದಿರಬಹುದು."

ನನಗೆ ಹುಡುಗಿಯ ಮೇಲೆ ಹೊಸ ಸಿಟ್ಟು ಬಂತು. ಮುದುಕಿ ಒಂದು ಹೌದಿಗೆ ಬಾಯಿ ತೆರೆದು ಕುಂತಿದ್ದಾಳೆ, ಶಿವ ಸಿಟ್ಟಾಗಿಲ್ಲ ಅಂದುಬಿಟ್ಟರೆ ಇವಳ ಗಂಟೇನು ಹೋಗುತ್ತಿತ್ತು? ಆದರೆ ಆಯಿ ನಾನು ತಿಳಿದಂತೆ ಕುಸಿಯಲಿಲ್ಲ. ತಣ್ಣೀರಿನ ಗುಟ್ಟು ಹೊರಗೆ ಬಿದ್ದದ್ದೇ ಅವಳಿಗೆ ಹಗುರಾಗಿತ್ತೋ ಏನೋ. ಕಡೆಗೆ, ಅಯ್ಯನವರಿಗೆ ಫೋನ್ ಹಚ್ಚು ಅಂತ ವೈನಿಗೆ ಹೇಳಿದಳು.

ಮದುವೆಯ ಬಾಜಾದ ನಡುವೆ ಅಯ್ಯನವರು ಜೋರಾಗಿ ಮಾತಾಡಿದರು. ಒಳಗಿನ ಕಲ್ಲು ಮುಕ್ಕಾಗಿದೆಯೇ ಅಂತ ಕೇಳಿದರು. ವೈನಿ ನೋಡಿ ಇಲ್ಲ ಅಂದಳು. ಹಂಗಾದರೆ ಲಿಂಗ ಭಿನ್ನವಾಗಿಲ್ಲ, ಪೂಜೆ ಮಾಡಿ ಊಟ ಮಾಡಿ, ನಾನು ಬಂದ ಮೇಲೆ ಹೊಸ ಕಂತಿ ಹಚ್ಚಿಕೊಡುತ್ತೇನೆ, ಬಿದ್ದ ಚೂರು ತುಳಿದಾಡದ ಕಡೆ ಇಡಿ ಅಂದರು. ಫ್ರಿಜ್ಜಿನ ವಿಷಯ ಆಯಿ ತಾನೇ ಫೋನ್ ಇಸಕೊಂಡು ಹೇಳಿದಳು. ಅವರು ಏನಂದರೋ ನಮಗೆ ಕೇಳಲಿಲ್ಲ. ಆಯಿ ಮಾತ್ರ ಹ್ಞೂಂ ರೀ, ಹ್ಞೂಂ ರೀ ಅನ್ನುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಣ್ಣ ತೋಟದ ಬಾವಿಯ ನೀರು ತಂದ. ಪೂಜೆ ಆಯಿತು. ಆಯಿ ಅರ್ಧ ರೊಟ್ಟಿ ಹಾಲಿನಲ್ಲಿ ಕಲಸಿಕೊಂಡು ಉಂಡಳು. ಆ ಅರ್ಧ ರೊಟ್ಟಿಗೆ ನಾನು ಶಿವನಿಗೆ ಅಲ್ಲೇ ನಿಂತು ಕೈ ಮುಗಿದೆ.

ಮಗಳು ಹೊರಗೆ ಕಟ್ಟೆಯ ಮೇಲೆ ಫೋನ್ ಹಿಡಿದು ಕುಂತಿದ್ದಳು. ಮನೆಯೊಳಗೆ ಅವಳ ಫೋನಿಗೆ ಇಂಟರ್ನೆಟ್ ಸಿಗುವುದಿಲ್ಲ. ನಾನು ಹೋಗಿ ಬಾಜೂಕ ಕುಂತೆ.

"ಖಾತ್ರಿ ಇಲ್ಲ ಅಂತ ಯಾಕಂದಿ? ಹೌದು ಅಂದಿದ್ರ ಮುದುಕಿ ಆಗಲೇ ಉಣ್ತಿದ್ದಳು."

"ಗೊತ್ತಿಲ್ಲದ್ದಕ್ಕ ಹೌದು ಅಂತ ಹ್ಯಾಂಗ ಹೇಳಲಿ ಅವ್ವ? ಗೊತ್ತಾಗಬೇಕು ಅಂತ ಓದಾಕ ಹೊಂಟೀನಿ."

ಆ ವಾರ ನನ್ನ ಮುಂದೆ ಮಾತಾಡಿದವರೆಲ್ಲ ಗ್ಯಾರಂಟಿಯವರು. ಭಾವನೋರು ಗ್ಯಾರಂಟಿ, ಲೆಕ್ಚರರ್ ಮೇಡಂ ಗ್ಯಾರಂಟಿ, ಆ ಬೆಲ್ಲದ ದನಿಯವ ನೂರಕ್ಕ ನೂರು. ಶಿವನ ಬಾಯಿಯನ್ನೂ ನಾನೇ ಇಸಕೊಂಡು ಸೂಚನೆ ಅಂತ ಗ್ಯಾರಂಟಿ ಕೊಟ್ಟಿದ್ದೆ. ಸ್ವಂತ ಅಜ್ಜಿ ಹಸಿದು ಕುಂತಾಗಲೂ ಗೊತ್ತಿಲ್ಲ ಅಂದವಳು ಇವಳೊಬ್ಬಳು. ಸಂಶಯದ ಹೆಣ್ಣು ನಾನು, ಇಷ್ಟು ವರ್ಷ ಹುಡುಕಿದ್ದು ಇಂಥ ಬಾಯಿಯನ್ನೇ. ಅದು ನನ್ನ ಮನೆಯಲ್ಲೇ ರೊಟ್ಟಿ ತಿಂದು ಬೆಳೆದಿದೆ ಅಂತ ನೋಡಿರಲಿಲ್ಲ.

ಆದರೂ ಆ ಓದಿನ ಮೇಲಿನ ಅಂಜಿಕೆ ಪೂರಾ ಹೋಯಿತು ಅಂದರೆ ಸುಳ್ಳಾಗುತ್ತದೆ. ಕಲಿಸುವ ಕಾಲೇಜು ಯಾವುದು ಹಾಕಿದ್ದೀ ಅಂತ ಕೇಳಿದೆ. ಹಳೆಯ ಸರ್ಕಾರಿ ಕಾಲೇಜು, ಹೋಗಿ ಲ್ಯಾಬು ನೋಡಿ ಬಂದ ಸೀನಿಯರ್ ಹುಡುಗಿಯ ಹತ್ತಿರ ವಿಚಾರಿಸಿದ್ದೇನೆ ಅಂದಳು. ಆ ಹುಡುಗಿಯ ನಂಬರ್ ಕೊಡು ಅಂದೆ. ಕೊಟ್ಟಳು. ಅಲ್ಲೇ ಕುಂತು ಮಗಳ ಫೋನಿನಿಂದಲೇ ಆ ಹುಡುಗಿಯೊಡನೆ ಮಾತಾಡಿದೆ. ಮಷೀನಿನ ಮೇಲೆ ಪ್ಲಾಸ್ಟಿಕ್ ಇದೆಯೋ ಅಂತ ಕೇಳಿದಾಗ ಅವಳಿಗೆ ತಿಳಿಯದೆ ಎರಡು ಸಲ ಏನ್ರಿ ಆಂಟಿ ಅಂದಳು, ಆಮೇಲೆ ಇಲ್ರಿ, ಮಷೀನು ಚಾಲೂ ಇತ್ತು ಅಂದಳು.

"ಮೊದಲನೇದಕ್ಕ ಅದ ಹಾಕು," ಅಂತ ಫೋನ್ ವಾಪಸ್ ಕೊಟ್ಟು ಹೇಳಿದೆ.

ಅವಳು ತಲೆ ತಗ್ಗಿಸಿದಳು. "ಹಾಕೀನವ್ವ. ಕಲಬುರಗಿಯಾಗ ಇದ್ದಾಗನ ಹಾಕಿದ್ದೆ. ನೀ ಹ್ಞೂಂ ಅನ್ನಲಿ ಅಂತ ಲಾಕ್ ಮಾಡಿದ್ದಿಲ್ಲ. ಮುಂಜಾನೆ ನೀ ಬ್ಯಾಡ ಅಂದ ಮ್ಯಾಲ ತೆಗೀಬೇಕಿತ್ತು, ಕೈ ಬರಲಿಲ್ಲ."

ಮುಂಜಾನೆ ಅವಳು ಸುಮ್ಮನಿದ್ದಾಗ ನನಗೆ ಬಂದ ಸಂಶಯ ಸುಳ್ಳಾಗಿರಲಿಲ್ಲ ನೋಡಿ. ಬೈಯಬೇಕು ಅಂದುಕೊಂಡೆ. ಬೈಗುಳದ ಬದಲು ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಬಾಯಿಗೆ ಬಂತು.

"ಇದು ಓದಿದ್ರ ನೌಕರಿ ಸಿಗ್ತದೇನು?"

ಅವಳು ಫೋನಿನಿಂದ ಮುಖ ಎತ್ತಿ ನನ್ನನ್ನು ನೋಡಿದಳು. "ಗೊತ್ತಿಲ್ಲವ್ವ. ಸಿಗಬಹುದು."

"ಹಂಗಾದ್ರ ಲಾಕ್ ಮಾಡು," ಅಂದೆ.